ಕೀ ಕೊಟ್ಟಾಯ್ತು, ಕಾರು ಇನ್ನೂ ಅಪ್ಪನ ಹೆಸರಲ್ಲೇ ಇತ್ತು: ಆನ್‌ಲೈನ್‌ನಲ್ಲಿ ಹಳೇ ಕಾರು ಮಾರೋ ಮುಂಚೆ ತಿಳಿದಿರಬೇಕಾದ್ದು

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತಿನ ವಿಷಯ ಹಳೇ ಕಾರು ಮಾರೋದು. "ಅದರಲ್ಲೇನಿದೆ, ಆ್ಯಪ್ ಇದೆ, ಮನೆಗೇ ಬರ್ತಾರೆ, ದುಡ್ಡು ಹಾಕ್ತಾರೆ, ಕಾರು ತಗೊಂಡು ಹೋಗ್ತಾರೆ" ಅಂತ ನಾನೂ ಅಂದ್ಕೊಂಡಿದ್ದೆ. 2025ರ ನವೆಂಬರ್ 10ರ ರಾತ್ರಿವರೆಗೂ ಹಾಗೇ ಅಂದ್ಕೊಂಡಿದ್ದೆ.

ಆ ರಾತ್ರಿ ನಿಮಗೆ ನೆನಪಿರುತ್ತೆ. ದೆಹಲಿಯ ಕೆಂಪು ಕೋಟೆ ಮೆಟ್ರೋ ನಿಲ್ದಾಣದ ಹತ್ತಿರ ಕಾರೊಂದು ಸ್ಫೋಟ ಆಯ್ತು. ಟಿವಿಯಲ್ಲಿ ಸುದ್ದಿ ಬರ್ತಾ ಬರ್ತಾ ಒಂದು ವಿಷಯ ಹೊರಗೆ ಬಂತು. ಕಾರು ಹರಿಯಾಣದ ನೋಂದಣಿಯದ್ದು, ಪೊಲೀಸರು ಮೊದಲು ವಿಚಾರಿಸಿದ್ದು ಗುರುಗ್ರಾಮದ ಹಳೇ ಮಾಲೀಕರನ್ನ. ಅವರು ಆ ಕಾರನ್ನ ಯಾವಾಗಲೋ ಮಾರಿಬಿಟ್ಟಿದ್ರು. ಅದು ಕೈಯಿಂದ ಕೈಗೆ ಹೋಗಿತ್ತು.

ದೇವರಾಜ ಮೊಹಲ್ಲಾದ ನಮ್ಮ ಮನೆ ಹಾಲ್‌ನಲ್ಲಿ ಅಪ್ಪ ಊಟದ ತಟ್ಟೆ ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದ್ರು. "ಪುಟ್ಟಿ, ನಮ್ಮ ಕಾರು ಈಗ ಎಲ್ಲಿದೆ?"

ಕಾರು ಮಾರಿ 25 ದಿನ ಆಗಿತ್ತು. ಎಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ. ಯಾರ ಹೆಸರಲ್ಲಿದೆ ಅನ್ನೋದೂ ಗೊತ್ತಿರಲಿಲ್ಲ. ಫೋನ್ ತೆಗೆದು ಎಂಪರಿವಾಹನ್‌ನಲ್ಲಿ ನಂಬರ್ ಹೊಡೆದು ನೋಡಿದೆ. ಮಾಲೀಕರು: ನಮ್ಮಪ್ಪ.

ಇವತ್ತು ಆ ಕಥೆಯನ್ನ ಪೂರ್ತಿ ಹೇಳ್ತೀನಿ. ಜೊತೆಗೆ ಈ ಆನ್‌ಲೈನ್ ಕಾರು ಖರೀದಿ ವ್ಯವಹಾರ ಹೇಗೆ ನಡೆಯುತ್ತೆ, ಬೆಲೆ ಹೇಗೆ ಕಟ್ಟುತ್ತಾರೆ, ಕಾನೂನು ಏನು ಹೇಳುತ್ತೆ ಅಂತಾನೂ ನೋಡೋಣ. ನಾವು ಮಾರಿದ ಕಂಪನಿ ಯಾವುದು ಅಂತ ನಾನು ಹೇಳಲ್ಲ. ಯಾವ ಕಂಪನಿಗೆ ಮಾರಿದ್ರೂ ನೀವು ನೋಡಬೇಕಾದ್ದು ಒಂದೇ.

ಕಾರು ಯಾಕೆ ಮಾರಿದ್ವಿ

ನಮ್ಮದು 2014ರ ಮಾಡೆಲ್ ವ್ಯಾಗನ್ ಆರ್. ಪೆಟ್ರೋಲ್, ಕೆಎ-09 ನಂಬರ್, 61,000 ಕಿಲೋಮೀಟರ್ ಓಡಿತ್ತು. ತಗೊಂಡಾಗ ಆನ್‌ರೋಡ್ ಐದು ಲಕ್ಷದ ಆಸುಪಾಸು. ಒಬ್ಬರೇ ಮಾಲೀಕರು. ಅಪ್ಪ ಅದನ್ನ ಭಾನುವಾರ ಭಾನುವಾರ ತಾವೇ ತೊಳೀತಿದ್ರು.

ನಮ್ಮ ಮೊಹಲ್ಲಾ ಗೊತ್ತಿರೋರಿಗೆ ಗೊತ್ತು. ಒಂದು ಕಡೆ ದೇವರಾಜ ಮಾರುಕಟ್ಟೆ, ಒಂದು ಕಡೆ ಅರಸು ರಸ್ತೆ, ಆ ಕಡೆ ಶಿವರಾಂಪೇಟೆ. ನಡ್ಕೊಂಡು ಹೋದ್ರೆ ಹೂವು, ತರಕಾರಿ, ಬಟ್ಟೆ, ಬ್ಯಾಂಕು ಎಲ್ಲ ಹತ್ತು ನಿಮಿಷ. ಕಾರು ತೆಗೆದ್ರೆ ಹೊರಗೆ ಬರೋಕೇ ಹತ್ತು ನಿಮಿಷ, ವಾಪಸ್ ಬಂದು ನಿಲ್ಲಿಸೋಕೆ ಜಾಗ ಹುಡುಕೋದು ಇನ್ನೊಂದು ಇಪ್ಪತ್ತು ನಿಮಿಷ. ಅಪ್ಪನಿಗೆ ಮಂಡಿನೋವು ಶುರುವಾದ ಮೇಲೆ ಕ್ಲಚ್ ಒತ್ತೋದೇ ಕಷ್ಟ ಆಯ್ತು. ತಿಂಗಳಿಗೆ ಎರಡು ಸಲ ತೆಗೀತಿದ್ದ ಕಾರಿಗೆ ವರ್ಷವಿಡೀ ಇನ್ಶೂರೆನ್ಸ್, ಸರ್ವಿಸ್. ದಸರಾ ಮುಗಿದ ಮೇಲೆ ಮಾರೋಣ ಅಂತ ತೀರ್ಮಾನ ಆಯ್ತು.

ಇಲ್ಲಿ ಒಂದು ಹಳೇ ಗಾಯ ಇದೆ, ಅದನ್ನ ಹೇಳದೆ ಮುಂದೆ ಹೋಗೋಕಾಗಲ್ಲ. 2009ರಲ್ಲಿ ನಮ್ಮ ಚಿಕ್ಕಪ್ಪ ತಮ್ಮ ಮಾರುತಿ 800 ಕಾರನ್ನ ಒಬ್ಬ ಬ್ರೋಕರ್‌ಗೆ ಮಾರಿದ್ರು. ಖಾಲಿ ಫಾರ್ಮ್‌ಗಳಿಗೆ ಸಹಿ ಹಾಕಿ ಕೊಟ್ಟು, ದುಡ್ಡು ಎಣಿಸಿಕೊಂಡು ಮನೆಗೆ ಬಂದ್ರು. ಮೂರು ವರ್ಷ ಆದ ಮೇಲೆ ಪಕ್ಕದ ತಾಲ್ಲೂಕಿನಿಂದ ಅಪಘಾತದ ನೋಟಿಸ್ ಬಂತು. ಕಾರು ಯಾರೋ ಓಡಿಸ್ತಿದ್ರು, ಹೆಸರು ಮಾತ್ರ ಚಿಕ್ಕಪ್ಪನದ್ದೇ ಇತ್ತು. ಬ್ರೋಕರ್ ಫೋನ್ ಸ್ವಿಚ್ ಆಫ್. ಚಿಕ್ಕಪ್ಪ ಎಷ್ಟೋ ಸಲ ಕೆಲಸ ಬಿಟ್ಟು ಕೋರ್ಟಿಗೆ ಅಲೆದ್ರು. ಆ ಅಲೆದಾಟ ಅಪ್ಪನ ತಲೆಯಲ್ಲಿ ಹಾಗೇ ಕೂತಿತ್ತು. ಅದಕ್ಕೇ "ಬ್ರೋಕರ್ ಬೇಡ, ಕಂಪನಿಗೇ ಕೊಡೋಣ" ಅಂದ್ರು.

ಈ ಕಂಪನಿಗಳು ಮಾಡೋದೇನು?

ಹಳೇ ಕಾರನ್ನ ಸಂಘಟಿತವಾಗಿ ಕೊಂಡು ಮಾರೋದು ಹೊಸದಲ್ಲ. ಮಾರುತಿಯ ಟ್ರೂ ವ್ಯಾಲ್ಯೂ 2001ರಲ್ಲೇ ಶುರುವಾಯ್ತು. ಕಾರ್ಸ್24, ಸ್ಪಿನ್ನಿ ಎರಡೂ 2015ರಲ್ಲಿ ಬಂದವು. ಫೋನಲ್ಲಿ ನಂಬರ್ ಹಾಕಿ, ಮನೆ ಬಾಗಿಲಲ್ಲಿ ತಪಾಸಣೆ ಮಾಡಿಸಿ ಮಾರೋ ಅಭ್ಯಾಸ ಜನರಿಗೆ ಬಂದಿದ್ದು ಇಂಥ ಕಂಪನಿಗಳಿಂದ.

ಇವುಗಳಲ್ಲಿ ಮುಖ್ಯವಾಗಿ ಎರಡು ರೀತಿ. ಒಂದು, ಕಂಪನಿಯೇ ಕಾರನ್ನ ಕೊಂಡು, ರಿಪೇರಿ ಮಾಡಿಸಿ, ಗ್ಯಾರಂಟಿ ಕೊಟ್ಟು ಇನ್ನೊಬ್ಬ ಗ್ರಾಹಕರಿಗೆ ಮಾರೋದು. ಇನ್ನೊಂದು, ನಿಮ್ಮ ಕಾರಿನ ತಪಾಸಣಾ ವರದಿಯನ್ನ ಡೀಲರ್‌ಗಳ ಮುಂದಿಟ್ಟು ಆನ್‌ಲೈನ್ ಹರಾಜು ಮಾಡೋದು. ಈ ಎರಡನೇದರಲ್ಲಿ ನಮ್ಮ ಕಾರು ನೋಡದೇನೇ ಎಲ್ಲೋ ಇರೋ ಡೀಲರ್ ಬಿಡ್ ಕೂಗ್ತಾನೆ. ನಮಗೆ ಕಾಣೋದು ಕೊನೇ ಮೊತ್ತ ಮಾತ್ರ.

ಇದು ಯಾಕೆ ಮುಖ್ಯ ಅಂದ್ರೆ, ಎರಡನೇ ರೀತಿಯಲ್ಲಿ ಕಾರು ಕಂಪನಿಯ ಕೈಯಿಂದ ಡೀಲರ್‌ಗೆ, ಡೀಲರ್‌ನಿಂದ ಕೊನೇ ಗ್ರಾಹಕನಿಗೆ ಹೋಗುತ್ತೆ. ಆರ್‌ಸಿಯಲ್ಲಿ ಹೆಸರು ಬದಲಾಗೋದು ಎಷ್ಟೋ ಸಲ ಆ ಕೊನೇ ಗ್ರಾಹಕ ಸಿಕ್ಕಾಗ. ಅಲ್ಲಿವರೆಗೂ ಹೆಸರು ನಿಮ್ಮದೇ. ನಾನು ಕಾರು ಕೊಡುವಾಗ ಕೇಳದೇ ಬಿಟ್ಟ ಪ್ರಶ್ನೆ ಇದು.

2,55,000 ಹೇಗೆ 2,12,000 ಆಯ್ತು

ಆ್ಯಪ್‌ನಲ್ಲಿ ನಂಬರ್, ಮಾಡೆಲ್, ಕಿಲೋಮೀಟರ್ ಹಾಕಿದ ತಕ್ಷಣ ಬಂದ ಅಂದಾಜು 2,55,000 ರೂಪಾಯಿ. ಅಮ್ಮ ಆಗಲೇ ಫ್ರಿಡ್ಜ್ ಬದಲಾಯಿಸೋ ಲೆಕ್ಕ ಹಾಕಿಬಿಟ್ರು.

ಅಕ್ಟೋಬರ್ 11, ಶನಿವಾರ ಬೆಳಿಗ್ಗೆ ತಪಾಸಣೆ ಮಾಡೋ ಹುಡುಗ ಬಂದ್ರು. ತುಂಬಾ ಮರ್ಯಾದೆಯವರು, ಅಪ್ಪನನ್ನ "ಸಾರ್" ಅಂತಾನೇ ಮಾತಾಡಿಸಿದ್ರು. ಒಂದು ಗಂಟೆ ಹತ್ತಿರ ನೋಡಿದ್ರು. ಬಣ್ಣದ ದಪ್ಪ ಅಳೆಯೋ ಸಣ್ಣ ಮೀಟರ್ ಇಟ್ಟು ಒಂದೊಂದೇ ಬಾಗಿಲು ಪರೀಕ್ಷೆ ಮಾಡಿದ್ರು. ಕಂಪನಿ ಬಣ್ಣಕ್ಕಿಂತ ಮೇಲೆ ಇನ್ನೊಂದು ಪದರ ಬಿದ್ದಿದ್ರೆ ಅದು ತೋರಿಸಿಬಿಡುತ್ತೆ. ಬಾನೆಟ್ ಬೋಲ್ಟ್ ಯಾವಾಗಲಾದ್ರೂ ಬಿಚ್ಚಿದ್ದಾರಾ, ಕಂಬಗಳಲ್ಲಿ ವೆಲ್ಡಿಂಗ್ ಇದೆಯಾ, ಟೈರಿನ ಪಟ್ಟಿ ಎಷ್ಟು ಉಳಿದಿದೆ, ಆಯಿಲ್ ಡಿಪ್‌ಸ್ಟಿಕ್ ತೆಗೆದ್ರೆ ಹೊಗೆ ಬರುತ್ತಾ, ಎ.ಸಿ. ತಂಪು ಎಷ್ಟು, ಎಲ್ಲಾ ನೋಡಿದ್ರು. ಆಮೇಲೆ ಸ್ಟೇರಿಂಗ್ ಕೆಳಗೆ ಒಂದು ಸ್ಕ್ಯಾನರ್ ಚುಚ್ಚಿ ಎಂಜಿನ್‌ನಲ್ಲಿ ದೋಷದ ಕೋಡ್ ಏನಾದ್ರೂ ಇದೆಯಾ ಅಂತ ಓದಿದ್ರು.

ಸಿಕ್ಕಿದ್ದು ಇಷ್ಟು. ಹಿಂದಿನ ಎಡಬಾಗಿಲಿಗೆ ಮತ್ತೆ ಬಣ್ಣ ಹೊಡೆಸಿದ್ದು, ಯಾಕಂದ್ರೆ ನಮ್ಮ ಗಲ್ಲಿಯಲ್ಲಿ ಸರಕಿನ ಆಟೋ ಉಜ್ಜಿತ್ತು. ನಾಲ್ಕೂ ಟೈರ್ ಹಳೇದು. ಎರಡನೇ ಕೀ ಇಲ್ಲ. ಕೊನೇ ಎರಡು ಸರ್ವಿಸ್ ಹೊರಗಡೆ ಮೆಕ್ಯಾನಿಕ್ ಹತ್ತಿರ, ಬಿಲ್ ಇಲ್ಲ.

ಸಂಜೆ ಬಂದ ಬೆಲೆ 2,05,000. ಮೊದಲ ಅಂದಾಜಿಗಿಂತ 50,000 ಕಡಿಮೆ.

ಇಲ್ಲಿ ಕಂಪನಿ ಮೋಸ ಮಾಡ್ತು ಅಂತ ನಾನು ಹೇಳಲ್ಲ. ಮೊದಲ ಅಂದಾಜು ಅದೇ ಮಾಡೆಲ್‌ನ ಒಳ್ಳೇ ಕಾರಿನ ಬೆಲೆ, ನಿಮ್ಮ ಕಾರಿನದ್ದಲ್ಲ. ಅದನ್ನ ನಂಬಿ ಬಜೆಟ್ ಹಾಕಬೇಡಿ ಅಷ್ಟೇ. ಇನ್ನೊಂದು ಕಾರಣನೂ ಇತ್ತು. ಸೆಪ್ಟೆಂಬರ್ 22, 2025ರಿಂದ ಸಣ್ಣ ಹೊಸ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳೀತು. ಹೊಸ ಕಾರೇ ಅಗ್ಗ ಆದ್ರೆ ಹಳೇ ಕಾರಿಗೆ ಯಾರು ಮುಂಚಿನ ಬೆಲೆ ಕೊಡ್ತಾರೆ? ನಾವು ಮಾರಿದ್ದು ಸರಿಯಾಗಿ ಅದಾದ ಮೂರು ವಾರಕ್ಕೆ.

ಆದ್ರೂ ಚೌಕಾಸಿಗೆ ಜಾಗ ಇರುತ್ತೆ. "ಇವತ್ತು ರಾತ್ರಿ 8 ಗಂಟೆವರೆಗೆ ಮಾತ್ರ ಈ ಬೆಲೆ" ಅಂತ ಫೋನ್ ಬಂತು. ನಾನು "ಪರವಾಗಿಲ್ಲ, ಇನ್ನೊಂದು ಕಂಪನಿಯವರು ಸೋಮವಾರ ನೋಡ್ತಾರೆ" ಅಂದೆ. ನಿಜವಾಗಲೂ ಇನ್ನೊಂದು ಕಡೆ ಬುಕ್ ಮಾಡಿದ್ದೆ. ಭಾನುವಾರ 2,12,000 ಆಯ್ತು. ಕನಿಷ್ಠ ಎರಡು ಕಡೆ ತಪಾಸಣೆ ಮಾಡಿಸಿ, ಸಾಮಾನ್ಯವಾಗಿ ಅದಕ್ಕೆ ದುಡ್ಡು ತಗೊಳ್ಳಲ್ಲ. ಕಾಲಮಿತಿಯ ಬೆದರಿಕೆಗೆ ಹೆದರಬೇಡಿ.

ಒಪ್ಪಿದ್ದು 2,12,000. ಖಾತೆಗೆ ಬಂದಿದ್ದು 2,03,500. ಸೇವಾ ಶುಲ್ಕ ಅಂತ 3,500 ಹಿಡಿದ್ರು. 5,000 ಆರ್‌ಸಿ ವರ್ಗಾವಣೆ ಆಗೋವರೆಗೂ ತಡೆಹಿಡಿದ ಹಣ. ಹಳೇ ದಂಡ ಏನಾದ್ರೂ ಹೊರಗೆ ಬಂದ್ರೆ ಅದರಲ್ಲಿ ಕಳೀತಾರೆ. ಇದೆಲ್ಲ ಒಪ್ಪಂದದಲ್ಲಿ ಬರೆದಿರುತ್ತೆ, ಆದ್ರೆ ಅಕ್ಷರ ಸಣ್ಣದು. ಸಹಿ ಮಾಡೋ ಮುಂಚೆ ಒಂದೇ ಪ್ರಶ್ನೆ ಕೇಳಿ: "ನನ್ನ ಖಾತೆಗೆ ಇವತ್ತು ಎಷ್ಟು ಬರುತ್ತೆ, ಉಳಿದಿದ್ದು ಯಾವಾಗ, ಯಾವ ಷರತ್ತಿನ ಮೇಲೆ?"

ನಮ್ಮ ಏರಿಯಾದ ಮೆಕ್ಯಾನಿಕ್ ಅಣ್ಣ 2,20,000 ಕೊಡ್ತೀನಿ ಅಂದಿದ್ರು. ಪೂರ್ತಿ ನಗದು. "ಆರ್‌ಸಿ ನಾನು ಆಮೇಲೆ ಮಾಡಿಸ್ಕೋತೀನಿ, ನೀವು ಸಹಿ ಹಾಕಿ ಕೊಡಿ ಸಾಕು" ಅಂದ್ರು. ಇಲ್ಲಿ ಎರಡು ತೊಂದರೆ. ಎರಡನೇದು ಚಿಕ್ಕಪ್ಪನ ಕಥೆ. ಮೊದಲನೇದು ನಗದು. ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳೋ ಹಾಗಿಲ್ಲ. ತಗೊಂಡ್ರೆ ಅಷ್ಟೇ ಮೊತ್ತದ ದಂಡ, ಅದೂ ತಗೊಂಡವರಿಗೆ. ಅಂದ್ರೆ ಅಪ್ಪನಿಗೆ. ಕಂಪನಿಗೆ ಕೊಟ್ಟಿದ್ದರಿಂದ ನಾವು ಬಿಟ್ಟುಕೊಟ್ಟಿದ್ದು, ಶುಲ್ಕವೂ ಸೇರಿ, 11,500 ರೂಪಾಯಿ. ಅದು ನಿಶ್ಚಿಂತೆಗೆ ಕೊಟ್ಟ ಬೆಲೆ ಅಂತ ಸಮಾಧಾನ ಮಾಡ್ಕೊಂಡ್ವಿ.

ತೆರಿಗೆ ವಿಷಯ: ಯಾರು ಕಟ್ಟಬೇಕು?

ಬಿಕಾಂ ಓದಿದ್ದಕ್ಕೆ ಮನೇಲಿ ಎಲ್ಲರೂ ನನ್ನನ್ನ ಕೇಳಿದ್ದು ಇದನ್ನೇ. "ಹಳೇ ಕಾರು ಮಾರಿದ್ರೆ ಶೇ 18 ಜಿಎಸ್‌ಟಿ ಅಂತೆ?"

2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ನಡೆದ 55ನೇ ಜಿಎಸ್‌ಟಿ ಮಂಡಳಿ ಸಭೆಯಲ್ಲಿ ಹಳೇ ಕಾರುಗಳ ಮೇಲಿನ ದರವನ್ನ ಶೇ 18ಕ್ಕೆ ಒಂದೇ ಸಮ ಮಾಡೋ ತೀರ್ಮಾನ ಆಯ್ತು. ಅದಕ್ಕೂ ಮುಂಚೆ ಸಣ್ಣ ಕಾರುಗಳಿಗೆ ಶೇ 12 ಇತ್ತು. ಆದ್ರೆ ಇದು ಜಿಎಸ್‌ಟಿ ನೋಂದಣಿ ಇರೋ ವ್ಯಾಪಾರಿಗಳಿಗೆ, ಅದೂ ಪೂರ್ತಿ ಬೆಲೆ ಮೇಲಲ್ಲ, ಲಾಭದ ಅಂತರದ ಮೇಲೆ. ಡೀಲರ್ ಒಬ್ಬರು 2,10,000ಕ್ಕೆ ಕೊಂಡು 2,50,000ಕ್ಕೆ ಮಾರಿದ್ರು ಅಂತಿಟ್ಕೊಳ್ಳಿ. ಅಂತರ 40,000. ಅದರ ಶೇ 18, ಅಂದ್ರೆ 7,200 ರೂಪಾಯಿ. ಅಂತರ ಇಲ್ಲದೆ ನಷ್ಟಕ್ಕೆ ಮಾರಿದ್ರೆ ತೆರಿಗೆ ಇಲ್ಲ.

ನಮ್ಮಪ್ಪನ ಹಾಗೆ ಸ್ವಂತ ಬಳಕೆಯ ಕಾರು ಮಾರೋ ವ್ಯಕ್ತಿಗೆ ಜಿಎಸ್‌ಟಿ ಇಲ್ಲ. ಆದಾಯ ತೆರಿಗೆಯಲ್ಲೂ ಸ್ವಂತ ಬಳಕೆಯ ಕಾರು ಬಂಡವಾಳ ಆಸ್ತಿ ಅಂತ ಲೆಕ್ಕ ಇಲ್ಲ, ಹಾಗಾಗಿ ಬಂಡವಾಳ ಲಾಭದ ತೆರಿಗೆ ಪ್ರಶ್ನೆ ಬರಲ್ಲ. ಅಂಗಡಿ ಅಥವಾ ಸಂಸ್ಥೆಯ ಲೆಕ್ಕದಲ್ಲಿ ಕಾರು ತೋರಿಸಿ ಸವಕಳಿ ಪಡೆದಿದ್ರೆ ಮಾತ್ರ ಲೆಕ್ಕ ಬೇರೆ. ಆಗ ನಿಮ್ಮ ಆಡಿಟರ್‌ನ ಕೇಳಿ.

ಆದ್ರೆ ನೆನಪಿಡಿ, ಡೀಲರ್ ಕಟ್ಟೋ ಆ 7,200 ಆಕಾಶದಿಂದ ಬರಲ್ಲ. ನಿಮಗೆ ಕೊಡೋ ಬೆಲೆಯಲ್ಲೇ ಅದನ್ನ ಮೊದಲೇ ಲೆಕ್ಕ ಹಾಕಿರ್ತಾರೆ. ನೇರವಾಗಿ ಇನ್ನೊಬ್ಬ ವ್ಯಕ್ತಿಗೆ ಮಾರಿದ್ರೆ ಜಾಸ್ತಿ ಸಿಗೋದಕ್ಕೆ ಇದೂ ಒಂದು ಕಾರಣ.

ಕೀ ಕೊಟ್ಟ ದಿನ

ಅಕ್ಟೋಬರ್ 16, ಗುರುವಾರ. ಕಂಪನಿಯವರು ಬಂದ್ರು. ಫಾರ್ಮ್ 29, ಫಾರ್ಮ್ 30ಕ್ಕೆ ಅಪ್ಪನ ಸಹಿ. 29 ಅಂದ್ರೆ "ನಾನು ಮಾರಿದ್ದೀನಿ" ಅನ್ನೋ ಸೂಚನೆ. 30 ಅಂದ್ರೆ ಹೆಸರು ಬದಲಾಯಿಸೋ ಅರ್ಜಿ. ಸಾಲ ಇದ್ದಿದ್ರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಬೇಕಿತ್ತು. ಬೇರೆ ರಾಜ್ಯಕ್ಕೆ ಹೋಗೋದಾದ್ರೆ ಫಾರ್ಮ್ 28. ನಮಗೆ ಅದೆರಡೂ ಇರಲಿಲ್ಲ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಮೊದಲೇ ಹಾಕಿಸಿದ್ವಿ. ಎರಡು ಹಳೇ ನೋ ಪಾರ್ಕಿಂಗ್ ದಂಡ ಇತ್ತು, ಅದನ್ನ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಸರ್ಕಾರ ಶೇ 50 ರಿಯಾಯಿತಿ ಕೊಟ್ಟಿತ್ತಲ್ಲ, ಆಗಲೇ ಕಟ್ಟಿ ಮುಗಿಸಿದ್ವಿ.

ದುಡ್ಡು ಖಾತೆಗೆ ಬಂದ ಮೇಲೇ ಕೀ ಕೊಡ್ತೀವಿ ಅಂದ್ವಿ. ಅವರೂ ಒಪ್ಪಿದ್ರು. ಅರ್ಧ ಗಂಟೆಯಲ್ಲಿ ಮೆಸೇಜ್ ಬಂತು. ಕಂಪನಿಯವರು ಒಂದು ಡೆಲಿವರಿ ಪತ್ರ ಕೊಟ್ರು. ಅದರಲ್ಲಿ ತಾರೀಕಿನ ಜೊತೆ ಸಮಯನೂ ಬರೆಸಿ ಅಂತ ಅಪ್ಪ ಹಠ ಹಿಡಿದ್ರು. "ಬೆಳಿಗ್ಗೆ 11.40" ಅಂತ ಬರೆಸಿದ್ರು. ಓಡೋಮೀಟರ್ ಫೋಟೊ ತೆಗೆದ್ವಿ. ಆಗ ನನಗೆ ಇದೆಲ್ಲ ಸ್ವಲ್ಪ ಅತಿಯಾಯ್ತು ಅನ್ನಿಸಿತ್ತು.

ಕಾರು ಗಲ್ಲಿ ತಿರುವಿನಲ್ಲಿ ಮರೆಯಾಗೋವರೆಗೂ ಅಪ್ಪ ನಿಂತಿದ್ರು. ಆಮೇಲೆ ಒಳಗೆ ಬಂದು "ಮುಗೀತು" ಅಂದ್ರು.

ಮುಗಿದಿರಲಿಲ್ಲ.

ಕಾನೂನಿನ ಕಣ್ಣಲ್ಲಿ ಮಾಲೀಕರು ಯಾರು?

ಇದೇ ಇವತ್ತಿನ ಸಂಚಿಕೆಯ ಮುಖ್ಯ ಭಾಗ, ಸ್ವಲ್ಪ ಗಮನ ಕೊಟ್ಟು ಕೇಳಿ.

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 2(30)ರ ಪ್ರಕಾರ ಮಾಲೀಕ ಅಂದ್ರೆ ಯಾರ ಹೆಸರಲ್ಲಿ ವಾಹನ ನೋಂದಣಿ ಆಗಿದೆಯೋ ಅವರು. ದುಡ್ಡು ಕೊಟ್ಟವರಲ್ಲ, ಓಡಿಸ್ತಾ ಇರೋರಲ್ಲ.

ಸೆಕ್ಷನ್ 50ರ ಪ್ರಕಾರ ಅದೇ ರಾಜ್ಯದೊಳಗಿನ ಕಾರು ಮಾರಿದ್ರೆ, ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಕೊಂಡವರು 30 ದಿನದೊಳಗೆ ತಿಳಿಸಬೇಕು. ನಾವೆಲ್ಲ "ಅದು ಕೊಂಡವರ ಕೆಲಸ" ಅಂತ ಅಂದ್ಕೊಂಡಿದ್ದೀವಿ. ಮೊದಲ ಗಡುವು ಇರೋದು ಮಾರಿದವರಿಗೆ.

ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 6ರಂದು ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಇದನ್ನ ಸ್ಪಷ್ಟ ಮಾಡ್ತು. 2009ರಲ್ಲಿ ಅಪಘಾತ ಮಾಡಿದ ಕಾರು ಅದಕ್ಕೂ ಮೊದಲೇ ಮಾರಾಟ ಆಗಿ ಹಲವು ಕೈ ಬದಲಾಗಿತ್ತು. ಆದ್ರೆ ನೋಂದಣಿ ಮೊದಲಿನವರ ಹೆಸರಲ್ಲೇ ಇತ್ತು. ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕರದ್ದೇ ಅಂತ ಕೋರ್ಟ್ ಹೇಳ್ತು. ನೊಂದವರು ಕೈ ಬದಲಾದ ಒಬ್ಬೊಬ್ಬ ಮಾಲೀಕರನ್ನೂ ಹುಡುಕಿಕೊಂಡು ಅಲೆಯೋ ಹಾಗಾಗಬಾರದು ಅನ್ನೋದು ತೀರ್ಪಿನ ತಾತ್ಪರ್ಯ. ಅಪಘಾತದಲ್ಲಿ ನೊಂದ ಕುಟುಂಬದ ಕಡೆಯಿಂದ ನೋಡಿದ್ರೆ ಅದು ನ್ಯಾಯವೇ. ಮಾರಿ ಮರೆತವರ ಕಡೆಯಿಂದ ನೋಡಿದ್ರೆ ಎದೆ ಝಲ್ ಅನ್ನುತ್ತೆ.

ಹಾಗಾದ್ರೆ ಡೀಲರ್ ಹತ್ತಿರ ಕಾರು ಎರಡು ಮೂರು ತಿಂಗಳು ನಿಂತಿದ್ರೆ ಏನು ಗತಿ? ಇದಕ್ಕೇ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಹೊಸ ನಿಯಮ ತಂತು. 2023ರ ಏಪ್ರಿಲ್ 1ರಿಂದ ಜಾರಿ. ಹಳೇ ವಾಹನದ ಡೀಲರ್‌ಗಳು ಆರ್‌ಟಿಒದಿಂದ ಅಧಿಕೃತ ಪ್ರಮಾಣಪತ್ರ ತಗೋಬೇಕು, ಅದು ಐದು ವರ್ಷಕ್ಕೆ ಸಿಗುತ್ತೆ. ಅಂಥ ಡೀಲರ್‌ಗೆ ನೀವು ಕಾರು ಕೊಟ್ಟಾಗ ಫಾರ್ಮ್ 29ಸಿ ಅನ್ನೋದನ್ನ ಪೋರ್ಟಲ್‌ನಲ್ಲಿ ಸಲ್ಲಿಸಬೇಕು. ಅದಕ್ಕೆ ಸ್ವೀಕೃತಿ ಸಂಖ್ಯೆ ಬಂದ ಮೇಲೆ ಆ ಡೀಲರ್‌ನೇ ಮಾಲೀಕ ಅಂತ ಪರಿಗಣಿಸ್ತಾರೆ. ಆಮೇಲೆ ಕಾರಿನಿಂದ ಏನೇ ಆದ್ರೂ ಹೊಣೆ ಅವರದ್ದು. ಡೀಲರ್ ಆ ಕಾರನ್ನ ಸ್ವಂತಕ್ಕೆ ಬಳಸೋ ಹಾಗೂ ಇಲ್ಲ. ಗಿರಾಕಿಗೆ ತೋರಿಸೋಕೆ, ರಿಪೇರಿಗೆ, ತಪಾಸಣೆಗೆ ಮಾತ್ರ ರಸ್ತೆಗಿಳಿಸಬಹುದು, ಅದರ ಲೆಕ್ಕನೂ ಇಡಬೇಕು.

ಇಷ್ಟು ಒಳ್ಳೇ ರಕ್ಷಣೆ ಇದ್ದೂ ಕಾರು ಕೊಡುವಾಗ ಅದರ ಹೆಸರೇ ನನಗೆ ಗೊತ್ತಿರಲಿಲ್ಲ. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ.

ನವೆಂಬರ್ 10ರ ನಂತರ

ಆ ರಾತ್ರಿ ಅಪ್ಪ ಸರಿಯಾಗಿ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಚಿಕ್ಕಪ್ಪನಿಗೆ ಫೋನ್ ಮಾಡಿ ಮಾತಾಡ್ತಿದ್ದಿದ್ದು ನನಗೆ ಕೇಳಿಸ್ತು. "ಕಂಪನಿ ಅಂತ ಕೊಟ್ಟೆ ಕಣೋ. ಅದೂ ಹಾಗೇ ಆಯ್ತು."

ನನಗೆ ನಾಚಿಕೆ ಆಯ್ತು. ಆ್ಯಪ್ ಡೌನ್‌ಲೋಡ್ ಮಾಡಿದವಳು ನಾನು.

ಅವತ್ತೇ ಕಂಪನಿಗೆ ಇಮೇಲ್ ಬರೆದೆ. ಫೋನ್ ಅಲ್ಲ, ಇಮೇಲ್. ಕಾರು ಈಗ ಯಾರ ಹತ್ತಿರ ಇದೆ, ಫಾರ್ಮ್ 29ಸಿ ಸಲ್ಲಿಸಿದ್ದೀರಾ, ಸ್ವೀಕೃತಿ ಸಂಖ್ಯೆ ಕೊಡಿ, ಆರ್‌ಸಿ ವರ್ಗಾವಣೆ ಯಾವ ಹಂತದಲ್ಲಿದೆ ಅಂತ ನಾಲ್ಕು ಪ್ರಶ್ನೆ. ಉತ್ತರ: "ಪ್ರಕ್ರಿಯೆಯಲ್ಲಿದೆ." ಮರುದಿನ, ಅಂದ್ರೆ ನವೆಂಬರ್ 12ರಂದು, ಫಾರ್ಮ್ 29ರ ಪ್ರತಿ, ಡೆಲಿವರಿ ಪತ್ರದ ಜೆರಾಕ್ಸ್, ಅಪ್ಪನ ಸಹಿಯ ಒಂದು ಪುಟದ ಪತ್ರ ಇಷ್ಟನ್ನೂ ಆರ್‌ಟಿಒ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿದೆ. 14 ದಿನದ ಗಡುವು ದಾಟಿತ್ತು. ಆದ್ರೂ ತಡವಾಗಿಯಾದ್ರೂ ನಾವು ತಿಳಿಸಿದ್ದೀವಿ ಅನ್ನೋದಕ್ಕೆ ಒಂದು ದಾಖಲೆ ಆಯ್ತು.

ಒಂದು ವಾರ ಕಳೀತು. ನವೆಂಬರ್ 19ರಂದು ಅಪ್ಪನ ಮೊಬೈಲ್‌ಗೆ ಮೆಸೇಜ್. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಅತಿವೇಗಕ್ಕೆ ದಂಡ. ಮಂಡಿನೋವಿನ ನಮ್ಮಪ್ಪ ಆ ಹೊತ್ತಲ್ಲಿ ಮನೆ ಕಟ್ಟೆ ಮೇಲೆ ಕೂತು ಪೇಪರ್ ಓದ್ತಿದ್ರು. ಅದನ್ನ ನೋಡಿ ನಾನು ನಕ್ಕೆ, ಅಪ್ಪ ನಗಲಿಲ್ಲ. "ಇವತ್ತು ವೇಗ. ನಾಳೆ ಯಾರಿಗಾದ್ರೂ ಗುದ್ದಿದ್ರೆ?"

ಆಗ ಕೈ ಹಿಡಿದಿದ್ದು ಅಪ್ಪ ಹಠ ಮಾಡಿ ಬರೆಸಿದ ಆ "11.40". ದಿನಾಂಕ, ಸಮಯ, ಓಡೋಮೀಟರ್ ಫೋಟೊ, ಆರ್‌ಟಿಒಗೆ ಕಳಿಸಿದ ಪತ್ರದ ರಸೀದಿ ಎಲ್ಲ ಜೋಡಿಸಿ ಕಂಪನಿಯ ದೂರು ಅಧಿಕಾರಿಗೆ ಕಳಿಸಿದೆ. "ಏಳು ದಿನದಲ್ಲಿ ದಂಡ ಕಟ್ಟಿ, ವರ್ಗಾವಣೆ ಮಾಡಿಸದಿದ್ರೆ ಗ್ರಾಹಕ ಆಯೋಗಕ್ಕೆ ಹೋಗ್ತೀವಿ" ಅಂತ ಬರೆದೆ. ಮೂರನೇ ದಿನ ದಂಡ ಕಟ್ಟಿದ ರಸೀದಿ ಬಂತು. ಡಿಸೆಂಬರ್ 5ಕ್ಕೆ ಆರ್‌ಸಿ ವರ್ಗಾವಣೆ ಆಯ್ತು ಅಂತ ಮೆಸೇಜ್ ಬಂತು. ಕೀ ಕೊಟ್ಟು ಸರಿಯಾಗಿ 50 ದಿನ. ತಡೆಹಿಡಿದ 5,000 ಅದಾದ ನಾಲ್ಕು ದಿನಕ್ಕೆ ಬಂತು.

ನಮಗೆ ದೊಡ್ಡ ನಷ್ಟ ಏನೂ ಆಗಲಿಲ್ಲ. ಆದ್ರೆ ಆ 50 ದಿನದಲ್ಲಿ ಆ ಕಾರು ಯಾರಿಗಾದ್ರೂ ಗುದ್ದಿದ್ರೆ ನೋಟಿಸ್ ಬರ್ತಿದ್ದಿದ್ದು ನಮ್ಮ ಬಾಗಿಲಿಗೇ.

ನೀವು ಮಾರೋ ಮುಂಚೆ: ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ

ಒಂದು, ಮೊದಲೇ ಮನೆ ಕೆಲಸ ಮಾಡಿ. ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಪ್ರಮಾಣಪತ್ರ, ಸರ್ವಿಸ್ ಬಿಲ್, ಎರಡನೇ ಕೀ ಒಂದೇ ಕವರ್‌ನಲ್ಲಿಡಿ. ಬಾಕಿ ದಂಡ ಕಟ್ಟಿ. ಸಾಲ ತೀರಿದ್ರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ರೆ ಅದನ್ನ ತೆಗೆಸಿ.

ಎರಡು, ಕನಿಷ್ಠ ಎರಡು ಕಡೆ ಬೆಲೆ ಕೇಳಿ. ಕೈಗೆ ಬರೋ ಮೊತ್ತವನ್ನ ಹೋಲಿಸಿ, ಘೋಷಿಸಿದ ಮೊತ್ತವನ್ನಲ್ಲ.

ಮೂರು, "ನೀವು ಅಧಿಕೃತ ಡೀಲರಾ? 29ಸಿ ಇವತ್ತೇ ಸಲ್ಲಿಸ್ತೀರಾ?" ಅಂತ ಕೇಳಿ. ಸ್ವೀಕೃತಿ ಸಂಖ್ಯೆ ಕೈಗೆ ಬರದೆ ಕೀ ಕೊಡಬೇಡಿ. ಡೀಲರ್ ಅಲ್ಲದ ವ್ಯಕ್ತಿಗೆ ಮಾರಿದ್ರೆ ಇಬ್ಬರೂ ಕೂತು ಆನ್‌ಲೈನ್‌ನಲ್ಲೇ ವರ್ಗಾವಣೆ ಅರ್ಜಿ ಹಾಕಿ.

ನಾಲ್ಕು, ಖಾಲಿ ಫಾರ್ಮ್‌ಗೆ ಸಹಿ ಬೇಡ. ಕೊಳ್ಳೋರ ಹೆಸರು, ತಾರೀಕು ತುಂಬಿದ ಮೇಲೇ ಸಹಿ. ಎಲ್ಲದರ ಫೋಟೊ ತೆಗೆದಿಟ್ಕೊಳ್ಳಿ. ಆಧಾರ್ ಪ್ರತಿ ಕೊಡೋದಾದ್ರೆ ಅಂಕಿ ಮುಚ್ಚಿದ ಮಾಸ್ಕ್ ಆಧಾರ್ ಕೊಡಿ, ಅದರ ಮೇಲೆ "ಈ ವಾಹನದ ಮಾರಾಟಕ್ಕೆ ಮಾತ್ರ" ಅಂತ ಬರೀರಿ. ಒಟಿಪಿ ಕೇಳಿದ್ರೆ ಮೆಸೇಜ್ ಪೂರ್ತಿ ಓದಿ, ಯಾತಕ್ಕೆ ಅಂತ ತಿಳ್ಕೊಂಡೇ ಕೊಡಿ. ದುಡ್ಡು ಬರೋಕೆ ಯುಪಿಐ ಪಿನ್ ಹಾಕೋ ಅಗತ್ಯ ಯಾವತ್ತೂ ಇಲ್ಲ. ಪಿನ್ ಕೇಳಿದ್ರೆ ಅದು ಮೋಸ.

ಐದು, ಫಾಸ್ಟ್ಯಾಗ್ ಕಿತ್ತು ಹಾಕಿದ್ರೆ ಸಾಲದು, ಕೊಟ್ಟ ಬ್ಯಾಂಕಿಗೆ ಹೇಳಿ ಮುಚ್ಚಿಸಿ. ಇಲ್ಲಾಂದ್ರೆ ಗಣಂಗೂರು ಟೋಲ್‌ನಲ್ಲಿ ಯಾರೋ ದಾಟಿದ್ರೆ ನಿಮ್ಮ ಖಾತೆಯಲ್ಲಿ ದುಡ್ಡು ಕಟ್ ಆಗುತ್ತೆ.

ಆರು, ನೋ ಕ್ಲೇಮ್ ಬೋನಸ್ ಬಿಟ್ಟುಕೊಡಬೇಡಿ. ಅದು ಕಾರಿನದ್ದಲ್ಲ, ನಿಮ್ಮದು. ಐದು ವರ್ಷ ಕ್ಲೇಮ್ ಮಾಡದಿದ್ರೆ ಅದು ಶೇ 50ರವರೆಗೆ ಏರಿರುತ್ತೆ. ಕಾರು ಮಾರಿದ ಮೇಲೆ ವಿಮಾ ಕಂಪನಿಯಿಂದ ಅದರ ಪತ್ರ ತಗೊಂಡ್ರೆ ಮೂರು ವರ್ಷದೊಳಗೆ ಹೊಸ ಕಾರಿನ ವಿಮೆಗೆ ಬಳಸಬಹುದು. ಆದ್ರೆ ಅಪ್ಪನ ಬೋನಸ್ ಮಗಳು ತಗೊಳ್ಳೋ ಕಾರಿಗೆ ಬರಲ್ಲ, ನಾನು ಕೇಳಿ ನೋಡಿದೆ.

ಏಳು, ಡೆಲಿವರಿ ಪತ್ರದಲ್ಲಿ ತಾರೀಕಿನ ಜೊತೆ ಗಂಟೆ-ನಿಮಿಷ ಬರೆಸಿ. ಆಮೇಲೆ ಫೋನಲ್ಲಿ ಒಂದು ರಿಮೈಂಡರ್ ಹಾಕಿ, ವಾರಕ್ಕೊಂದು ಸಲ ಮಾಲೀಕರ ಹೆಸರು ಬದಲಾಗಿದೆಯಾ ಅಂತ ನೋಡಿ. 14 ದಿನದೊಳಗೆ ಆರ್‌ಟಿಒಗೆ ನೀವೇ ತಿಳಿಸಿ.

ಆನ್‌ಲೈನ್‌ನಲ್ಲಿ ಮಾರಬೇಡಿ ಅಂತ ನಾನು ಹೇಳ್ತಿಲ್ಲ. ಮತ್ತೆ ಮಾರೋದಿದ್ರೆ ನಾನೂ ಹೀಗೇ ಮಾರ್ತೀನಿ. ದುಡ್ಡು ನೇರ ಖಾತೆಗೆ ಬರುತ್ತೆ, ಮನೆ ಮುಂದೆ ಹತ್ತು ಜನ ಬಂದು ಬಾನೆಟ್ ಎತ್ತಿ ಹೋಗಲ್ಲ, ಇಮೇಲ್ ಬರೆದ್ರೆ ಉತ್ತರ ಕೊಡೋಕೆ ಒಂದು ವಿಳಾಸ ಅಂತ ಇರುತ್ತೆ. ಚಿಕ್ಕಪ್ಪನಿಗೆ ಅದೂ ಇರಲಿಲ್ಲ. ಆದ್ರೆ ಆ್ಯಪ್‌ನಲ್ಲಿ "ಮಾರಾಟ ಪೂರ್ಣ" ಅಂತ ಹಸಿರು ಟಿಕ್ ಬಂದ ತಕ್ಷಣ ಮಾರಾಟ ಮುಗೀಲಿಲ್ಲ. ಆರ್‌ಸಿಯಲ್ಲಿ ಹೆಸರು ಬದಲಾದ ದಿನ ಮುಗೀತು.

ಡಿಸೆಂಬರ್ 5ರ ಆ ಮೆಸೇಜ್‌ನ ಅಪ್ಪ ಅಳಿಸಿಲ್ಲ. ಚಿಕ್ಕಪ್ಪನಿಗೆ ಫಾರ್ವರ್ಡ್ ಮಾಡಿದ್ರು. ಈಗ ಮಾರ್ಕೆಟ್‌ಗೆ ನಡ್ಕೊಂಡೇ ಹೋಗ್ತಾರೆ, ದೂರ ಅಂದ್ರೆ ಆಟೋ. ಅಮ್ಮನ ಫ್ರಿಡ್ಜ್ ಬಂತು, ಅಂದುಕೊಂಡಿದ್ದಕ್ಕಿಂತ ಸ್ವಲ್ಪ ಚಿಕ್ಕದು.

ಇವತ್ತಿಗೆ ಇಷ್ಟೇ. ನಿಮ್ಮ ಮನೇಲಿ ಯಾರಾದ್ರೂ ಕಾರು ಅಥವಾ ಸ್ಕೂಟರ್ ಮಾರಿದ್ದಾರೆ ಅಂದ್ರೆ, ಈ ಸಂಚಿಕೆ ಮುಗಿದ ತಕ್ಷಣ ಆ ನಂಬರ್ ಹಾಕಿ ಒಂದು ಸಲ ನೋಡಿ. ಎರಡು ನಿಮಿಷದ ಕೆಲಸ.